ಪಾರ್ಕ್ ಇಲ್ಲದ ಪ್ಲಿಮತ್: ದೋಷ ಗುಂಡಿಯದೋ, ಬ್ರೇಕಿನದೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಊರು ತೀರ್ಥಹಳ್ಳಿ, ಈಗ ಇರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಪಕ್ಕದ ಮನೆಯ ಅಜ್ಜಿ ಮಗಳ ಊರಿಗೆ ಹೊರಟಾಗ, ತಮ್ಮ ಯಜಮಾನರು ಜೋಪಾನವಾಗಿ ಇಟ್ಟುಕೊಂಡಿದ್ದ 1959ರ ಪ್ಲಿಮತ್ ಬೆಲ್ವೆಡೇರ್ ಕಾರನ್ನು ನಮಗೆ ಕಡಿಮೆ ಬೆಲೆಗೆ ಕೊಟ್ಟರು. ವಿ-8 ಎಂಜಿನ್, ಆಟೋಮ್ಯಾಟಿಕ್ ಗೇರ್. ಆದರೆ ಗೇರ್ ಲಿವರ್ ಇಲ್ಲ. ಸ್ಟೀರಿಂಗಿನ ಎಡಗಡೆ ಡ್ಯಾಶ್‌ಬೋರ್ಡಿನಲ್ಲಿ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), 2, 1 ಎಂಬ ಐದು ಗುಂಡಿಗಳಿವೆ. ನಿಲ್ಲಿಸಿದ ಕಾರನ್ನು ಹಿಡಿದಿಡುವ ಪಾರ್ಕ್ ಎಂಬುದೇ ಇಲ್ಲ. ಹೋದ ತಿಂಗಳು ಮನೆಯ ಮುಂದಿನ ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಡಿ ಗುಂಡಿ ಒತ್ತಿದ್ದನ್ನು ಹಾಗೆಯೇ ಬಿಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ ಇಳಿದೆ. ಬಾಗಿಲು ಮುಚ್ಚುವಷ್ಟರಲ್ಲಿ ಕಾರು ಮೆಲ್ಲಗೆ ಹಿಂದಕ್ಕೆ ಜಾರಿ ಕಸದ ಡಬ್ಬಿಗೆ ತಾಗಿ ನಿಂತಿತು. ಇಲ್ಲಿನ ಮೆಕ್ಯಾನಿಕ್ ಒಬ್ಬರು, "ಈ ಗುಂಡಿಗಳು ಅಪಾಯವೆಂದು ಸರ್ಕಾರವೇ ಅವನ್ನು ನಿಷೇಧಿಸಿತ್ತು, ಕಿತ್ತುಹಾಕಿ ಲಿವರ್ ಹಾಕಿಸಿ" ಎನ್ನುತ್ತಾರೆ. ನನ್ನ ಹೆಂಡತಿ ಮಾರಿಬಿಡಿ ಎನ್ನುತ್ತಾಳೆ. ಡ್ರೈವಿಂಗ್ ಕಲಿಯುತ್ತಿರುವ ಹದಿನಾರರ ಮಗನಿಗೆ ಈ ಕಾರಿನ ಮೇಲೇ ಕಣ್ಣು. ಹೆದ್ದಾರಿಯಲ್ಲಿ ಕೈತಪ್ಪಿ ಆರ್ ಒತ್ತಿದರೆ ಏನಾಗುತ್ತದೆ ಎಂದು ಅವನೇ ಕೇಳುತ್ತಾನೆ. ಊರಿನಿಂದ ಬಂದಿರುವ ಅಪ್ಪ ಸಂಜೆ ಹೊತ್ತು ಅದರಲ್ಲಿ ಕುಳಿತು ಗುಂಡಿಗಳನ್ನು ಒತ್ತಿ ನೋಡುತ್ತಿರುತ್ತಾರೆ. ಇನ್ನೂ ಎರಡು ತೊಂದರೆಗಳಿವೆ. ಎನ್ ಗುಂಡಿಯನ್ನು ಬಲವಾಗಿ ಒತ್ತಿಹಿಡಿದರೆ ಮಾತ್ರ ಕೆಲವೊಮ್ಮೆ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಡಿ ಒತ್ತಿದರೆ ಕೆಲವು ಸೆಕೆಂಡ್ ಏನೂ ಆಗದೆ, ಆಮೇಲೆ ಕಾರು ಒಮ್ಮೆಲೇ ಎಗರುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಇವತ್ತೇ ಮಾಡಬೇಕಾದದ್ದು. ಆ ಕಾರನ್ನು ಸಮತಟ್ಟಾದ ಜಾಗಕ್ಕೆ ತಂದು ನಿಲ್ಲಿಸಿ. ಒಂದು ಚಕ್ರದ ಹಿಂದಕ್ಕೂ ಮುಂದಕ್ಕೂ ಅಡ್ಡ ಕೊಡಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಉಳಿದದ್ದಕ್ಕೆ ಅವಸರವಿಲ್ಲ.

ಕಾರು ಜಾರಿದ್ದು, ಸ್ಟಾರ್ಟ್ ಆಗಲು ಸತಾಯಿಸುವುದು, ತಡವಾಗಿ ಎಗರುವುದು, ಮಗನ ಆರ್ ಗುಂಡಿಯ ಭಯ, ಇವೆಲ್ಲಕ್ಕೂ ಗುಂಡಿಗಳೇ ಕಾರಣ ಎಂಬ ತೀರ್ಮಾನಕ್ಕೆ ನಿಮ್ಮ ಮನೆಯಲ್ಲಿ ಎಲ್ಲರೂ ಬಂದಂತಿದೆ. ಆಟೋಮ್ಯಾಟಿಕ್ ಗೇರ್ ಬಾಕ್ಸ್‌ಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಕೂದಲು ಹಣ್ಣಾಗಿಸಿಕೊಂಡವನಾಗಿ ನಾನು ಹೇಳುವುದಿಷ್ಟು: ಕಾರು ಜಾರಿದ್ದರಲ್ಲಿ ಗುಂಡಿಗಳ ಪಾಲು ಏನೇನೂ ಇಲ್ಲ. ನಾಳೆ ಅವನ್ನು ಕಿತ್ತು ಲಿವರ್ ಹಾಕಿಸಿದರೂ ನಾಡಿದ್ದು ಅದೇ ಇಳಿಜಾರಿನಲ್ಲಿ ಅದೇ ಡಬ್ಬಿಯ ಕಡೆಗೆ ಅದು ಜಾರುತ್ತದೆ.

ನಿಷೇಧದ ಮಾತನ್ನು ಮೊದಲು ಮುಗಿಸಿಬಿಡೋಣ. ಹಳೆಯ ಕಾರುಗಳ ಬಳಗದಲ್ಲಿ ಈ ಕಥೆ ಎಷ್ಟು ಬೇರು ಬಿಟ್ಟಿದೆಯೆಂದರೆ ಒಳ್ಳೆಯ ಮೆಕ್ಯಾನಿಕ್‌ಗಳೂ ಅದನ್ನು ನಂಬುತ್ತಾರೆ. ಕ್ರೈಸ್ಲರ್ ಕಂಪನಿ ತನ್ನ ಕಾರುಗಳಿಗೆ ಗುಂಡಿಗಳನ್ನು ತಂದದ್ದು 1956ರ ಮಾದರಿಗಳಲ್ಲಿ, ಕೈಬಿಟ್ಟದ್ದು 1964ರ ಮಾದರಿಗಳೊಂದಿಗೆ. ಪ್ಲಿಮತ್, ಡಾಡ್ಜ್, ಡಿಸೋಟೊ, ಇಂಪೀರಿಯಲ್ ಎಲ್ಲವೂ ಆ ಮನೆಯವೇ. 1965ರ ಮಾದರಿಗಳು ಸ್ಟೀರಿಂಗ್ ಕಂಬದ ಮೇಲಿನ ಅಥವಾ ನೆಲದ ಮೇಲಿನ ಲಿವರ್‌ಗೆ ಬಂದವು. ಅಮೆರಿಕದ ವಾಹನ ಸುರಕ್ಷತಾ ಕಾನೂನು ಬಂದದ್ದು 1966ರಲ್ಲಿ. ಗೇರ್ ಆಯ್ಕೆಯ ಕ್ರಮವನ್ನು ಹೇಳುವ 102ನೇ ಸಂಖ್ಯೆಯ ಸುರಕ್ಷತಾ ಮಾನದಂಡ ಜಾರಿಯಾದದ್ದು 1968ರ ಜನವರಿ 1ರಂದು. ಹುಟ್ಟದ ಕಾನೂನು ನಿಷೇಧ ಹೇರುವುದು ಹೇಗೆ? ಆ ಮಾನದಂಡದಲ್ಲಿಯೂ ಗುಂಡಿ ಬೇಡವೆಂಬ ಮಾತಿಲ್ಲ. ಮುಂದಕ್ಕೆ ಹೋಗುವ ಗೇರಿಗೂ ಹಿಂದಕ್ಕೆ ಹೋಗುವ ಗೇರಿಗೂ ನಡುವೆ ನ್ಯೂಟ್ರಲ್ ಇರಬೇಕು, ಗೇರಿನಲ್ಲಿದ್ದಾಗ ಸ್ಟಾರ್ಟರ್ ತಿರುಗಬಾರದು, ಕಡಿಮೆ ವೇಗದಲ್ಲಿ ಎಂಜಿನ್ನೇ ಕಾರನ್ನು ತಡೆದು ಹಿಡಿಯುವಂಥ ಒಂದು ಗೇರ್ ಇರಬೇಕು, ಇಂಥವು ಅದರ ಷರತ್ತುಗಳು. ಇವತ್ತು ಲಿಂಕನ್, ಹೋಂಡಾ, ಹ್ಯುಂಡೈ ಕಂಪನಿಗಳ ಎಷ್ಟೋ ಕಾರುಗಳು ಗುಂಡಿಗಳೊಂದಿಗೆ ಅದೇ ಕಾನೂನಿನ ಕೆಳಗೆ ಓಡಾಡುತ್ತಿವೆ.

ಬೆಂಕಿಯಿಲ್ಲದೆ ಹೊಗೆಯಾಡಲಿಲ್ಲ, ನಿಜ. 1964ರಲ್ಲಿ ಅಮೆರಿಕದ ಸಂಸತ್ತು ಒಂದು ಸಣ್ಣ ಕಾನೂನು ಮಾಡಿತು. ಸರ್ಕಾರ ತನ್ನ ಬಳಕೆಗೆ ಕೊಳ್ಳುವ ಕಾರುಗಳಲ್ಲಿ ಕೆಲವು ಸುರಕ್ಷತಾ ಅಂಶಗಳಿರಬೇಕು ಎಂಬುದು ಅದರ ಸಾರ. ಅದರಡಿ ಬಂದ ಮಾನದಂಡಗಳಲ್ಲಿ ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಲೋ ಎಂಬ ಏಕರೂಪದ ಗೇರ್ ಸಾಲೂ ಒಂದು. ಅದು ಸರ್ಕಾರಿ ಖರೀದಿಗೆ ಮಾತ್ರ ಅನ್ವಯಿಸುತ್ತಿತ್ತು. ಜಾರಿಗೆ ಬಂದದ್ದೂ ಕ್ರೈಸ್ಲರ್ ಗುಂಡಿ ಬಿಟ್ಟ ಮೇಲೆ. ಆ ಮಾನದಂಡದ ಮುಖ್ಯ ಗುರಿ ಲಿವರ್‌ಗಳೇ ಆಗಿದ್ದವು ಎಂಬುದು ನಿಮ್ಮ ಮೆಕ್ಯಾನಿಕ್‌ಗೆ ಅಚ್ಚರಿ ತರಬಹುದು. ಆ ಕಾಲದ ಜನರಲ್ ಮೋಟಾರ್ಸ್ ಕಂಪನಿಯ ಕೆಲವು ಕಾರುಗಳಲ್ಲಿ ಲೋ ಪಕ್ಕದಲ್ಲೇ ರಿವರ್ಸ್ ಇರುತ್ತಿತ್ತು, ನಡುವೆ ನ್ಯೂಟ್ರಲ್ ಇಲ್ಲ. ಒಂದು ಕಂಪನಿಯ ಕಾರು ಬಿಟ್ಟು ಇನ್ನೊಂದನ್ನು ಹತ್ತಿದವರು ಮುಂದಕ್ಕೆಂದು ಎಳೆದು ಹಿಂದಕ್ಕೆ ಹೋಗುತ್ತಿದ್ದರು. ಅಪಾಯದ ಲೆಕ್ಕದಲ್ಲಿ ನಿಮ್ಮ ಐದು ಗುಂಡಿಗಳು ಆ ಲಿವರ್‌ಗಳಿಗಿಂತ ಎಷ್ಟೋ ವಾಸಿ. ಕ್ರೈಸ್ಲರ್ ಅವನ್ನು ಬಿಟ್ಟದ್ದು ಬಹುಮಟ್ಟಿಗೆ ವ್ಯಾಪಾರದ ಮಾತು: ಊರೆಲ್ಲ ಲಿವರ್‌ಗೆ ಒಗ್ಗಿಕೊಂಡಿರುವಾಗ ಗಿರಾಕಿಗೆ ಹೊಸ ಅಭ್ಯಾಸ ಕಲಿಸುತ್ತ ಕೂರುವುದು ಯಾವ ಶೋರೂಮಿಗೂ ಲಾಭವಲ್ಲ.

ಇನ್ನೊಂದು ಗೊಂದಲವೂ ಇದರಲ್ಲಿ ಸೇರಿಕೊಂಡಿದೆ. ಆ ಕಾಲದ ಗುಂಡಿಗಳೆಲ್ಲ ಒಂದೇ ಜಾತಿಯವಲ್ಲ. 1956ರ ಪ್ಯಾಕರ್ಡ್, 1958ರ ಎಡ್ಸೆಲ್ ಕಾರುಗಳಲ್ಲಿ ಗುಂಡಿ ಒತ್ತಿದರೆ ವಿದ್ಯುತ್ ಹರಿದು, ಗೇರ್ ಬಾಕ್ಸಿನ ಬಳಿಯ ಮೋಟಾರ್ ತಿರುಗಿ ಗೇರ್ ಬದಲಾಗುತ್ತಿತ್ತು. ಎಡ್ಸೆಲ್‌ನವರು ಗುಂಡಿಗಳನ್ನು ಸ್ಟೀರಿಂಗ್ ಚಕ್ರದ ನಟ್ಟನಡುವೆ, ಜನ ಹಾರ್ನ್ ಹುಡುಕುವ ಜಾಗದಲ್ಲಿ ಕೂರಿಸಿದ್ದರು. ಕಡಿದಾದ ಇಳಿಜಾರಿನಲ್ಲಿ ಪಾರ್ಕ್ ಹಾಕಿ ನಿಲ್ಲಿಸಿದರೆ ಕಾರಿನ ಭಾರವೆಲ್ಲ ಪಾರ್ಕಿನ ಹಲ್ಲಿನ ಮೇಲೆ ಬಿದ್ದು, ಅದನ್ನು ಎಳೆದು ಬಿಡಿಸುವ ಶಕ್ತಿ ಆ ಮೋಟಾರಿಗೆ ಸಾಲುತ್ತಿರಲಿಲ್ಲ. ಮರುವರ್ಷವೇ ಅದನ್ನು ಕೈಬಿಟ್ಟರು. ಗುಂಡಿಗಳಿಗೆ ಬಂದ ಕೆಟ್ಟ ಹೆಸರಿನ ದೊಡ್ಡ ಪಾಲು ಅಲ್ಲಿಂದ ಬಂದದ್ದು.

ನಿಮ್ಮ ಪ್ಲಿಮತ್‌ನ ವ್ಯವಸ್ಥೆಯಲ್ಲಿ ವಿದ್ಯುತ್ತಿಗೆ ಕೆಲಸವಿಲ್ಲ. ಹಳೆಯ ಟೇಪ್ ರೆಕಾರ್ಡರ್ ನೆನಪಿಸಿಕೊಳ್ಳಿ: ಒಂದು ಗುಂಡಿ ಒಳಗೆ ಹೋದರೆ ಮೊದಲು ಒತ್ತಿದ್ದು ಟಕ್ಕನೆ ಹೊರಬರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಅಂಥದೇ ಒಂದು ಪೆಟ್ಟಿಗೆಯಿದೆ. ಅದರಿಂದ ಹೊರಟ ಗಟ್ಟಿ ತಂತಿಯ ಕೇಬಲ್ ಗೇರ್ ಬಾಕ್ಸಿನೊಳಕ್ಕೆ ಹೋಗಿ, ಆಯಿಲ್ ಯಾವ ದಾರಿಯಲ್ಲಿ ಹರಿಯಬೇಕೆಂದು ತೀರ್ಮಾನಿಸುವ ವಾಲ್ವನ್ನು ಹಿಂದೆ ಮುಂದೆ ಸರಿಸುತ್ತದೆ. ಲಿವರ್ ಇರುವ ಕಾರಿನಲ್ಲೂ ಸರಿಯುವುದು ಅಂಥದೇ ವಾಲ್ವ್. ಗುಂಡಿ, ಲಿವರ್, ಇವತ್ತಿನ ತಿರುಗಿಸುವ ಬಿಲ್ಲೆ, ಇವೆಲ್ಲ ಗೇರ್ ಬಾಕ್ಸಿಗೆ ಸುದ್ದಿ ಮುಟ್ಟಿಸುವ ಬೇರೆ ಬೇರೆ ಬಗೆಗಳು.

ಹಾಗಾದರೆ ಕಾರು ಜಾರಿದ್ದೇಕೆ?

ಎರಡು ಕಾರಣಗಳು, ಒಂದರ ಮೇಲೊಂದು. ನೀವು ಡಿ ಗುಂಡಿ ಒತ್ತಿ ಬಿಟ್ಟಿದ್ದು ಊರಿನ ಅಭ್ಯಾಸ. ಆಗುಂಬೆಯ ತಿರುವಿನಲ್ಲಿ ಅಂಬಾಸಿಡರ್ ನಿಲ್ಲಿಸುವವರು ಮೊದಲನೆಯ ಗೇರಿಗೆ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ಇಳಿಯುತ್ತಿದ್ದರು. ನಿಮ್ಮ ತಂದೆಯ ತಲೆಮಾರಿಗೆ ಪ್ಲಿಮತ್ ಕೂಡ ಅಪರಿಚಿತವಲ್ಲ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಪ್ಲಿಮತ್, ಡಾಡ್ಜ್, ಡಿಸೋಟೊ ಕಾರುಗಳನ್ನು ಜೋಡಿಸಿ ಮಾರುತ್ತಿದ್ದ ಕಾಲವೊಂದಿತ್ತು. ಕ್ಲಚ್ ಪೆಡಲ್ ಇರುವ ಕಾರಿನಲ್ಲಿ ಗೇರಿನ ಹಲ್ಲುಗಳು ಚಕ್ರವನ್ನು ಎಂಜಿನ್ನಿಗೆ ಕಟ್ಟಿಹಾಕುತ್ತವೆ, ಆದ್ದರಿಂದ ಆ ಉಪಾಯ ನಡೆಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಗೇರನ್ನು ಹಿಡಿದಿಡುವುದು ಆಯಿಲಿನ ಒತ್ತಡ. ಎಂಜಿನ್ ನಿಂತರೆ ಪಂಪು ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ, ಒಳಗಿನ ಕ್ಲಚ್‌ಗಳು ಸಡಿಲಗೊಳ್ಳುತ್ತವೆ. ಗುಂಡಿ ಡಿಯಲ್ಲಿದ್ದರೂ ಕಾರು ನ್ಯೂಟ್ರಲ್‌ನಲ್ಲಿದ್ದ ಹಾಗೆಯೇ. ನಿಮ್ಮ ಗೇರ್ ಬಾಕ್ಸಿನಲ್ಲಿ ಹಿಂಬದಿಗೆ ಇನ್ನೊಂದು ಪಂಪು ಇದೆಯೆಂದು, ಹಾಗಾಗಿ ಬ್ಯಾಟರಿ ಸತ್ತರೂ ಈ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡಬಹುದೆಂದು ಯಾರಾದರೂ ಹೇಳಬಹುದು. ಸುಳ್ಳಲ್ಲ. ಆದರೆ ಆ ಪಂಪಿಗೆ ಒತ್ತಡ ಬರಬೇಕಾದರೆ ಕಾರು ಮುಂದಕ್ಕೆ ಒಳ್ಳೆಯ ವೇಗದಲ್ಲಿ ಓಡುತ್ತಿರಬೇಕು. ನಿಂತ ಕಾರನ್ನು ಅದು ಹಿಡಿಯುವುದಿಲ್ಲ.

ಪಾರ್ಕ್ ಇರುವ ಕಾರುಗಳಲ್ಲಿ ಒಂದು ಉಕ್ಕಿನ ಕೊಕ್ಕೆ ಗೇರ್ ಬಾಕ್ಸಿನ ಹೊರಶಾಫ್ಟಿನ ಹಲ್ಲಿಗೆ ಸಿಕ್ಕಿಕೊಂಡು ಅದನ್ನು ತಡೆಯುತ್ತದೆ. ನಿಮ್ಮ ಕಾರಿನ ಎರಕದ ಕಬ್ಬಿಣದ ಟಾರ್ಕ್‌ಫ್ಲೈಟ್ ಗೇರ್ ಬಾಕ್ಸಿನಲ್ಲಿ ಆ ಕೊಕ್ಕೆಯನ್ನೇ ಇಟ್ಟಿಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಬಂದ ಅಲ್ಯೂಮಿನಿಯಂ ಗೇರ್ ಬಾಕ್ಸ್‌ಗಳಿಗೆ ಅದನ್ನು ಸೇರಿಸಿ, ಗುಂಡಿಗಳ ಪಕ್ಕದಲ್ಲಿ ಪಾರ್ಕಿಗೆಂದೇ ಒಂದು ಸಣ್ಣ ಲಿವರ್ ಕೊಟ್ಟರು. ನಿಮ್ಮದರಲ್ಲಿ ನಿಂತ ಕಾರನ್ನು ಹಿಡಿಯುವ ಹೊಣೆಯೆಲ್ಲ ಪಾರ್ಕಿಂಗ್ ಬ್ರೇಕಿನ ಮೇಲೆ.

ಆ ಬ್ರೇಕ್ ಎಲ್ಲಿದೆ ಎಂದು ಬಗ್ಗಿ ನೋಡಿದ್ದೀರಾ? ಚಕ್ರಗಳಲ್ಲಿ ಹುಡುಕಬೇಡಿ. ಗೇರ್ ಬಾಕ್ಸಿನ ಬಾಲಕ್ಕೆ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ, ಒಂದು ಡ್ರಮ್ ಇದೆ. ಅದನ್ನು ಹಿಡಿದರೆ ಶಾಫ್ಟ್ ನಿಲ್ಲುತ್ತದೆ, ಶಾಫ್ಟ್ ನಿಂತರೆ ಹಿಂದಿನ ಚಕ್ರಗಳು ನಿಲ್ಲಬೇಕು. ಆ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಹಲ್ಲುಗಳ ಅನುಪಾತ ಸಹಾಯಕ್ಕೆ ಬರುವುದರಿಂದ ಸಣ್ಣ ಡ್ರಮ್ ಸಾಕಾಗುತ್ತದೆ. ಯೋಚನೆ ಜಾಣತನದ್ದೇ. ಆದರೆ ಗೇರ್ ಬಾಕ್ಸಿನ ಹಿಂಬದಿಯ ಆಯಿಲ್ ಸೀಲ್ ಸ್ವಲ್ಪ ಸೋರಿದರೂ ಆಯಿಲ್ ನೇರವಾಗಿ ಆ ಡ್ರಮ್ಮಿನೊಳಕ್ಕೆ ಇಳಿಯುತ್ತದೆ. ಆಯಿಲ್ ಕುಡಿದ ಲೈನರ್ (ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ) ಏನನ್ನೂ ಹಿಡಿಯದು. ಅರವತ್ತು ವರ್ಷ ದಾಟಿದ ಸೀಲ್ ಸೋರದಿದ್ದರೆ ಅದು ಪವಾಡ. ನಿಮ್ಮ ಕಾರಿನ ಕೆಳಗೆ ಕಾಗದ ಹಾಸಿ ಒಂದು ರಾತ್ರಿ ಬಿಡಿ. ಗೇರ್ ಬಾಕ್ಸಿನ ಹಿಂಭಾಗದ ನೇರಕ್ಕೆ ಕೆಂಪು ಛಾಯೆಯ ಕಲೆ ಕಂಡರೆ ಕಸದ ಡಬ್ಬಿಯನ್ನು ಉರುಳಿಸಹೊರಟಿದ್ದು ಯಾರೆಂದು ಗೊತ್ತಾಗುತ್ತದೆ.

ಈ ಬಗೆಯ ಬ್ರೇಕಿಗೆ ಇನ್ನೊಂದು ಗುಣವಿದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೇ ಅದು ಮರೆತುಹೋಗಿ ಅನಾಹುತಗಳಾಗುತ್ತವೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬ್ರೇಕ್ ಹಿಡಿಯುವುದು ಶಾಫ್ಟನ್ನು; ಶಾಫ್ಟಿನಾಚೆ ಡಿಫರೆನ್ಷಿಯಲ್ ಇದೆ. ಶಾಫ್ಟ್ ನಿಂತಿದ್ದರೂ ಒಂದು ಚಕ್ರ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಲು ಡಿಫರೆನ್ಷಿಯಲ್ ಅವಕಾಶ ಕೊಡುತ್ತದೆ. ಎರಡೂ ಚಕ್ರಗಳು ನೆಲಕ್ಕೂರಿರುವವರೆಗೆ ಇದರಿಂದ ತೊಂದರೆಯಿಲ್ಲ. ಪಂಚರ್ ಹಾಕಲು ಒಂದು ಹಿಂಚಕ್ರವನ್ನು ಜ್ಯಾಕ್ ಮೇಲೆ ಎತ್ತಿದ ಕ್ಷಣ, ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತ, ಕಾರು ಜ್ಯಾಕಿನಿಂದ ಕಳಚಿ ಬೀಳುತ್ತದೆ. ಪಿಟ್ಸ್‌ಬರ್ಗ್‌ನ ಚಳಿಗಾಲದಲ್ಲಿ ಒಂದು ಹಿಂಚಕ್ರ ಮಂಜುಗಡ್ಡೆಯ ಮೇಲೆ ನಿಂತಿದ್ದರೂ ಇದೇ ಆಗಬಹುದು. ನಿಮ್ಮ ಮನೆಯ ಇನ್ನೊಂದು ಕಾರಿನ ಪಾರ್ಕ್ ಕೂಡ ಡಿಫರೆನ್ಷಿಯಲ್‌ನ ಈಚೆಗೇ ಕೆಲಸ ಮಾಡುತ್ತದೆ; ಅದನ್ನೊಂದನ್ನೇ ನಂಬಿ ಎಂಜಿನ್ನಿನ ಬಲದಿಂದ ತಿರುಗುವ ಚಕ್ರವನ್ನು ಎತ್ತಬೇಡಿ. ಈ ವಿಷಯದಲ್ಲಿ ಹೊಸ ಕಾರಿಗೂ ಹಳೆಯದಕ್ಕೂ ವ್ಯತ್ಯಾಸವಿಲ್ಲ.

ಎನ್ ಒತ್ತಿಹಿಡಿದರೆ ಮಾತ್ರ ಸ್ಟಾರ್ಟ್ ಆಗುವುದಕ್ಕೆ ಬರೋಣ. ಈ ಕಾರು ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಸ್ಟಾರ್ಟ್ ಆಗುವಂತೆ ಒಂದು ಸ್ವಿಚ್ ಇದೆ. ಗುಂಡಿಯನ್ನು ಅದುಮಿದಾಗ ಮಾತ್ರ ಸ್ವಿಚ್ ಸೇರುತ್ತಿದೆ ಎಂದರೆ, ಗುಂಡಿ ಎನ್‌ಗೆ ಬಂದರೂ ಒಳಗಿನ ವಾಲ್ವ್ ಪೂರ್ತಿ ನ್ಯೂಟ್ರಲ್‌ಗೆ ಬರುತ್ತಿಲ್ಲ. ಕೇಬಲ್‌ನ ಹೊಂದಾಣಿಕೆ ತಪ್ಪಿದೆ, ಅಥವಾ ಗ್ರೀಸ್ ಒಣಗಿ ಕೇಬಲ್ ಬಿಗಿಯಾಗಿದೆ. ನಾನು ನಿಜವಾಗಿ ಅಂಜುವ ಗುಂಡಿ ದೋಷ ಇದೊಂದೇ. ಡ್ಯಾಶ್‌ಬೋರ್ಡ್ ಒಂದನ್ನು ತೋರಿಸುತ್ತ ಗೇರ್ ಬಾಕ್ಸ್ ಇನ್ನೊಂದರಲ್ಲಿದ್ದರೆ ಎರಡು ಕೆಟ್ಟ ಪರಿಣಾಮಗಳಿವೆ. ವಾಲ್ವ್ ಅರ್ಧದಲ್ಲಿ ನಿಂತರೆ ಆಯಿಲಿನ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಇದು ಹಣದ ನಷ್ಟ. ಎನ್‌ನಲ್ಲಿದೆ ಎಂದುಕೊಂಡ ಕಾರು ತೆವಳತೊಡಗಿದರೆ, ಬಾನೆಟ್ ತೆರೆದು ಎದುರಿಗೆ ನಿಂತವರ ಮೊಣಕಾಲಿಗೆ ಸಂಚಕಾರ.

ಇದನ್ನು ನೀವೇ ಪರೀಕ್ಷಿಸಬಹುದು. ಸಮತಟ್ಟಾದ ನೆಲ, ಚಕ್ರಗಳಿಗೆ ಅಡ್ಡ, ಕಾರಿನ ಮುಂದೆ ಹಿಂದೆ ಯಾರೂ ಇರಬಾರದು, ಕಾಲು ಬ್ರೇಕಿನ ಮೇಲೆ ಭದ್ರ. ಆರ್ ಒತ್ತಿ ಕೀಲಿ ತಿರುಗಿಸಿ, ಸ್ಟಾರ್ಟರ್ ತಿರುಗಬಾರದು. ಡಿ, 2, 1 ಒತ್ತಿದಾಗಲೂ ತಿರುಗಬಾರದು. ತಿರುಗಿದರೆ ಯಾರೋ ಹಿಂದೊಮ್ಮೆ ಸತಾಯಿಸಿದ ಸ್ವಿಚ್ಚಿಗೆ ತಂತಿ ಸುತ್ತಿ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ ಎಂದೇ ತಿಳಿಯಿರಿ. ಹಳೆಯ ಕಾರುಗಳಲ್ಲಿ ಈ ತಂತಿ ನನಗೆ ಎಷ್ಟು ಸಲ ಸಿಕ್ಕಿದೆಯೆಂದರೆ, ಈಗ ಮೊದಲು ಅದನ್ನೇ ಹುಡುಕುತ್ತೇನೆ. ನಿಮ್ಮ ತಂದೆಯವರ ಸಂಜೆಯ ಆಟಕ್ಕೂ ಇದಕ್ಕೂ ಸಂಬಂಧವಿದೆ. ಎಂಜಿನ್ ಆರಿರುವಾಗ ಗುಂಡಿ ಒತ್ತಿದರೆ ಗೇರ್ ಬಾಕ್ಸಿಗೆ ಏನೂ ಆಗುವುದಿಲ್ಲ, ಅವರು ಸಂತೋಷವಾಗಿ ಒತ್ತಲಿ. ಆದರೆ ಅವರು ಆರ್‌ನಲ್ಲಿ ಬಿಟ್ಟು ಎದ್ದುಹೋಗಿ, ಮರುದಿನ ನೀವು ಗಮನಿಸದೆ ಕೀಲಿ ತಿರುಗಿಸಿದಾಗ ನಿಮ್ಮನ್ನು ಕಾಯುವುದು ಆ ಸ್ವಿಚ್ ಒಂದೇ.

ಬೆಳಗಿನ ಎಗರಾಟಕ್ಕೆ ಸಾಮಾನ್ಯ ಕಾರಣ, ಕಾರು ನಿಂತಿದ್ದಾಗ ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಆಯಿಲ್ ಕೆಳಗಿಳಿಯುವುದು. ಆಯಿಲ್ ಮಟ್ಟ ಕಡಿಮೆಯಿದ್ದರೂ, ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿದ್ದರೂ ಹಾಗೆಯೇ. ಸ್ಟಾರ್ಟ್ ಮಾಡಿದ ಮೇಲೆ ಎನ್‌ನಲ್ಲೇ ಅರ್ಧ ನಿಮಿಷ ಬಿಟ್ಟು, ಬ್ರೇಕ್ ಒತ್ತಿಹಿಡಿದು ಡಿ ಒತ್ತಿ, ಗೇರ್ ಕಚ್ಚಿದ್ದು ಮೈಗೆ ತಿಳಿಯುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ. ಅಪಾಯವಿರುವುದು ಆ ಕೆಲವು ಸೆಕೆಂಡ್‌ಗಳಲ್ಲಿ ಕಾರು ಕೇಳಲಿಲ್ಲವೆಂದು ಕಾಲು ಒತ್ತುವುದರಲ್ಲಿ. ಆಯಿಲ್ ಮಟ್ಟ ನೋಡುವುದು ಗೇರ್ ಬಾಕ್ಸ್ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ, ಎನ್‌ನಲ್ಲಿ. ಚಕ್ರಕ್ಕೆ ಅಡ್ಡ ಕೊಡದೆ ಮಾತ್ರ ಬಾನೆಟ್ ಎತ್ತಬೇಡಿ.

ಇನ್ನು ಮಗನ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಆಗಿನ ಎಂಜಿನಿಯರುಗಳೂ ಅದನ್ನು ಕೇಳಿಕೊಂಡಿದ್ದರು. ನಿಮ್ಮ ಗೇರ್ ಬಾಕ್ಸಿನಲ್ಲಿ ರಿವರ್ಸ್ ತಡೆಯುವ ವಾಲ್ವ್ ಒಂದಿದೆ. ಕಾರು ಗಂಟೆಗೆ ಸುಮಾರು 10 ಮೈಲಿಗಿಂತ ವೇಗವಾಗಿ ಮುಂದಕ್ಕೆ ಹೋಗುತ್ತಿರುವಾಗ ಆರ್ ಒತ್ತಿದರೆ ಅದು ರಿವರ್ಸ್ ಹಿಡಿಯಲು ಬಿಡದೆ ನ್ಯೂಟ್ರಲ್‌ಗೆ ಕಳಿಸುತ್ತದೆ. ಎಂಜಿನ್ ಬರಿದೇ ಕೂಗುತ್ತದೆ, ಕಾರು ತನ್ನ ಪಾಡಿಗೆ ಸಾಗುತ್ತದೆ. ಆಗ ಗಾಬರಿಯಾಗದೆ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಹಿಡಿದು, ರಸ್ತೆಯ ಬದಿಗೆ ಸೇರಬೇಕು. ಹಾಗೆಂದು ಅದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಹೋಗಬೇಡಿ. ಇಷ್ಟು ಹಳೆಯ ವಾಲ್ವ್ ಮೇಲೆ ಪಂದ್ಯ ಕಟ್ಟುವವನು ನಾನಲ್ಲ.

ಮಗನ ವಿಷಯದಲ್ಲಿ ನನ್ನ ಚಿಂತೆ ಬೇರೆ. ಅವನು ವಾರಪೂರ್ತಿ ಹೊಸ ಕಾರು ಓಡಿಸಿ, ಪಾರ್ಕ್ ಒತ್ತಿ ಇಳಿದುಹೋಗುವ ಅಭ್ಯಾಸ ಮಾಡಿಕೊಂಡು, ಭಾನುವಾರ ಈ ಕಾರನ್ನು ಹತ್ತುತ್ತಾನೆ. ಮೆದುಳಿಗಿಂತ ಕೈಗೆ ನೆನಪು ಜಾಸ್ತಿ. ಗೇರ್ ಬದಲಿಸುವ ಸಾಧನಗಳ ಇತಿಹಾಸದಲ್ಲಿ ದೊಡ್ಡ ಅನಾಹುತಗಳಾದದ್ದು ಪಾರ್ಕ್‌ನಲ್ಲಿದೆ ಎಂದುಕೊಂಡ ಕಾರು ಪಾರ್ಕ್‌ನಲ್ಲಿ ಇಲ್ಲದಿದ್ದಾಗ. 1970ರ ದಶಕದ ಫೋರ್ಡ್ ಕಾರುಗಳಲ್ಲಿ ಲಿವರ್ ಪಾರ್ಕ್‌ಗೂ ರಿವರ್ಸ್‌ಗೂ ನಡುವೆ ನಿಂತು, ಚಾಲಕ ಇಳಿದ ಮೇಲೆ ತಾನಾಗಿ ರಿವರ್ಸ್‌ಗೆ ಜಾರುತ್ತದೆಂಬ ದೂರುಗಳು ಬಂದು, ಕೊನೆಗೆ ಸುಮಾರು 2.3 ಕೋಟಿ ವಾಹನಗಳ ಮಾಲೀಕರಿಗೆ ಡ್ಯಾಶ್‌ಬೋರ್ಡಿಗೆ ಅಂಟಿಸುವ ಎಚ್ಚರಿಕೆಯ ಚೀಟಿ ಕಳಿಸುವ ಒಪ್ಪಂದವಾಯಿತು. 2016ರಲ್ಲಿ ಜೀಪ್ ಗ್ರ್ಯಾಂಡ್ ಚೆರೊಕಿ ಮೊದಲಾದ ಸುಮಾರು 11 ಲಕ್ಷ ವಾಹನಗಳನ್ನು ದುರಸ್ತಿಗೆ ವಾಪಸ್ ಕರೆಯಬೇಕಾಯಿತು. ಅವುಗಳ ವಿದ್ಯುನ್ಮಾನ ಲಿವರ್ ಪ್ರತಿ ಸಲವೂ ನಡುವಿಗೇ ಮರಳುತ್ತಿದ್ದುದರಿಂದ ಗೇರ್ ಯಾವುದರಲ್ಲಿದೆ ಎಂದು ಕೈಗೆ ತಿಳಿಯುತ್ತಿರಲಿಲ್ಲ. ಇವೆರಡೂ ಲಿವರ್‌ಗಳು. ನಿಮ್ಮ ಕಾರಿನ ಒಳಕ್ಕೆ ಹೋದ ಗುಂಡಿಯನ್ನು ಕತ್ತಲಲ್ಲಿ ಬೆರಳಾಡಿಸಿಯೇ ಗುರುತಿಸಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು.

ಮೆಕ್ಯಾನಿಕ್ ಹೇಳಿದ ಲಿವರ್ ನನಗೆ ಹಿಡಿಸುವುದಿಲ್ಲ, ಅದಕ್ಕೆ ಹಳೆಯದರ ಮೇಲಿನ ಮೋಹ ಕಾರಣವಲ್ಲ. ನಿಮ್ಮ ಗೇರ್ ಬಾಕ್ಸಿನಲ್ಲಿ ಪಾರ್ಕಿನ ಕೊಕ್ಕೆಯೇ ಇಲ್ಲದ ಮೇಲೆ ಲಿವರ್ ಹಾಕಿ ಪಡೆಯುವುದೇನು? ಪಾರ್ಕ್ ಬೇಕೇಬೇಕೆಂದರೆ ಗೇರ್ ಬಾಕ್ಸನ್ನೇ ಬದಲಿಸಬೇಕು. 1962ರ ನಂತರದ ಅಲ್ಯೂಮಿನಿಯಂ ಗೇರ್ ಬಾಕ್ಸ್ ನಿಮ್ಮ ಎಂಜಿನ್ನಿಗೆ ಹಾಗೆಯೇ ಕೂರುವುದಿಲ್ಲ. ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಅಳತೆ ಬೇರೆ, ನಡುವೆ ಅಡಾಪ್ಟರ್ ಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಪಾರ್ಕಿಂಗ್ ಬ್ರೇಕ್ ಇರುವುದು ಹಳೆಯ ಗೇರ್ ಬಾಕ್ಸಿನ ಬಾಲದಲ್ಲಿ. ಅದನ್ನು ಇಳಿಸಿದ ದಿನ ಪಾರ್ಕಿಂಗ್ ಬ್ರೇಕೂ ಅದರೊಂದಿಗೆ ಹೋಗುತ್ತದೆ. ಹಿಂಚಕ್ರಗಳಲ್ಲಿ ಕೇಬಲ್ ಬ್ರೇಕ್ ಕೂರಿಸದೆ ಈ ಕೆಲಸ ಮುಗಿಯಿತೆಂದು ಯಾರಾದರೂ ಕಾರು ಒಪ್ಪಿಸಿದರೆ ತೆಗೆದುಕೊಳ್ಳಬೇಡಿ. ಸರಿಯಾಗಿ ಮಾಡಿದರೆ ಇದು ಭದ್ರವಾದ ದಾರಿಯೇ, ಆದರೆ ಕಾರಿನ ಬೆಲೆಯನ್ನು ನುಂಗಿ ನೀರು ಕುಡಿಯುವ ದಾರಿ.

ಅಂಗಡಿಗಳಲ್ಲಿ ಬ್ರೇಕ್ ಪೈಪಿಗೆ ಸೇರಿಸುವ ಒಂದು ಬೀಗ ಸಿಗುತ್ತದೆ. ಪೆಡಲ್ ಒತ್ತಿ ಅದನ್ನು ಹಾಕಿದರೆ ಬ್ರೇಕ್ ಆಯಿಲಿನ ಒತ್ತಡ ಒಳಗೇ ನಿಂತು ಚಕ್ರಗಳನ್ನು ಹಿಡಿದಿರುತ್ತದೆ. ಅಗ್ಗ, ಸುಲಭ. ಆದರೆ ಒತ್ತಡ ಗಂಟೆಗಳ ಮೇಲೆ ಸೋರಿ ಇಳಿಯುತ್ತದೆ. ರಾತ್ರಿ ನಿಂತ ಕಾರು ಬೆಳಗಿನ ಜಾವ ಹೊರಡಬಹುದು. ಇದನ್ನು ಪಾರ್ಕಿಂಗ್ ಬ್ರೇಕ್ ಎಂದು ಮಾರುವವರನ್ನು ನಂಬಬೇಡಿ.

ನಾನು ಹೇಳುವುದು ಇದ್ದದ್ದನ್ನು ಸರಿಪಡಿಸಿ ಎಂದು. ಗೇರ್ ಬಾಕ್ಸಿನ ಹಿಂಬದಿಯ ಸೀಲ್ ಮೊದಲು ಬದಲಾಗಲಿ, ಆಮೇಲೆ ಡ್ರಮ್ ಸ್ವಚ್ಛಗೊಳಿಸಿ ಹೊಸ ಲೈನರ್. ಕ್ರಮ ಹಿಂದುಮುಂದಾದರೆ ಹೊಸ ಲೈನರೂ ಆಯಿಲಿನಲ್ಲಿ ಮೀಯುತ್ತದೆ. ಹಳೆಯ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು, ಅದರ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಜೊತೆಗೆ ಗೇರ್ ಕೇಬಲ್ ಬಿಚ್ಚಿ ನೋಡಿ, ಗ್ರೀಸ್ ಹಾಕಿ ಅಥವಾ ಬದಲಿಸಿ, ಕಾರ್ಖಾನೆಯ ಕೈಪಿಡಿಯಂತೆ ಹೊಂದಿಸಬೇಕು. ಒಬ್ಬರು ಒಳಗೆ ಆರ್ ಗುಂಡಿ ಒತ್ತಿಹಿಡಿದು ಇನ್ನೊಬ್ಬರು ಕಾರಿನಡಿ ಮಾಡುವ ಕೆಲಸ ಅದು, ಎಂಜಿನ್ ಆರಿರಬೇಕು. ಗುಂಡಿ ಪೆಟ್ಟಿಗೆಯ ಒಳಭಾಗಗಳು ಸವೆದಿದ್ದರೆ ಹಳೆಯ ಕಾರುಗಳಿಂದ ಬಿಚ್ಚಿದವು ಸಿಗುತ್ತವೆ, ಹುಡುಕಬೇಕು ಅಷ್ಟೆ. ಈ ದಾರಿಯ ಕೊರತೆಯನ್ನೂ ಹೇಳಿಬಿಡುತ್ತೇನೆ: ಇಷ್ಟೆಲ್ಲ ಆದ ಮೇಲೂ ಕಾರಿಗೆ ಪಾರ್ಕ್ ಬರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ರಸ್ತೆಯಂಚಿನ ಕಟ್ಟೆ ಇರುವಲ್ಲಿ ಏರುಮುಖವಾದರೆ ಮುಂದಿನ ಚಕ್ರಗಳನ್ನು ಎಡಕ್ಕೆ, ಇಳಿಮುಖವಾದರೆ ಬಲಕ್ಕೆ ತಿರುಗಿಸಿ. ಕಟ್ಟೆ ಇಲ್ಲದಿದ್ದರೆ ಎರಡಕ್ಕೂ ಬಲಕ್ಕೆ. ಇದು ಬಲಬದಿಯಲ್ಲಿ ಓಡಾಡುವ ಅಮೆರಿಕದ ಲೆಕ್ಕ, ರಜೆಗೆ ಬಂದಾಗ ಊರಿನಲ್ಲಿ ಅದಲುಬದಲಾಗುತ್ತದೆ. ಎರಡು ರಬ್ಬರ್ ಅಡ್ಡೆಗಳು ಡಿಕ್ಕಿಯಲ್ಲಿ ಸದಾ ಇರಲಿ.

ಕಾರು ಎತ್ತಿದಾಗಲೇ ಕಾಲಿನ ಬ್ರೇಕನ್ನೂ ಪೂರ್ತಿ ನೋಡಿಸಿಬಿಡಿ. 1959ರ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಬ್ರೇಕ್ ಆಯಿಲಿನ ಮಾರ್ಗ ಒಂದೇ. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋದವು. ಉಳಿಯುವುದು ಈಗ ಕೈಕೊಟ್ಟಿರುವ ಆ ಶಾಫ್ಟಿನ ಬ್ರೇಕ್ ಮತ್ತು ಎಂಜಿನ್ನಿನ ತಡೆ. ಪಿಟ್ಸ್‌ಬರ್ಗ್‌ನ ಉದ್ದ ಇಳಿಜಾರುಗಳಲ್ಲಿ 2 ಗುಂಡಿ ಒತ್ತಿ ಇಳಿಯುವುದನ್ನು ರೂಢಿ ಮಾಡಿಕೊಳ್ಳಿ. ನಿಮ್ಮ ಪೆನ್ಸಿಲ್ವೇನಿಯಾದಲ್ಲಿ ಪ್ರಾಚೀನ ವಾಹನದ ನಂಬರ್ ಪ್ಲೇಟ್ ಪಡೆದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಅಜ್ಜಿಯ ಯಜಮಾನರು ಆ ಪ್ಲೇಟ್ ಹಾಕಿಸಿದ್ದರೆ, ವರ್ಷಗಳಿಂದ ಯಾರೂ ಈ ಕಾರಿನ ಕೆಳಗೆ ಬಗ್ಗಿ ನೋಡಿರಲಿಕ್ಕಿಲ್ಲ.

ಮಾರುವುದಾದರೂ ತಪ್ಪಲ್ಲ. ಆದರೆ ಬ್ರೇಕ್ ಸರಿಪಡಿಸದೆ ಮಾರಿದರೆ, ಇಳಿಜಾರಿನಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಕೊಳ್ಳುವವರಿಗೆ ಬರೆದುಕೊಡಿ.

ಮಗ ಈ ಕಾರು ಓಡಿಸುವುದು ಪರವಾನಗಿ ಬಂದು, ಹೊಸ ಕಾರಿನಲ್ಲಿ ಒಂದು ಚಳಿಗಾಲ ಕಳೆದ ಮೇಲೆ ಆಗಲಿ. ಅಲ್ಲಿಯವರೆಗೆ ಕೇಬಲ್ ಹೊಂದಿಸುವ ದಿನ ಒಳಗೆ ಕುಳಿತು ಆರ್ ಗುಂಡಿ ಒತ್ತಿಹಿಡಿಯುವ ಕೆಲಸವನ್ನು ಅವನಿಗೆ ಕೊಡಿ. ಮೆಕ್ಯಾನಿಕ್ ಬಳಿ ಹೋದಾಗ ಪಾರ್ಕಿಂಗ್ ಬ್ರೇಕಿನ ಡ್ರಮ್ ಎಲ್ಲಿದೆ ಎಂದು ಮೊದಲು ಕೇಳಿ. ಅವರು ಹಿಂಚಕ್ರದ ಕಡೆ ಕೈ ತೋರಿಸಿದರೆ ಬೇರೆ ಗ್ಯಾರೇಜ್ ಹುಡುಕಿ.